ಹಳೆಯ ಕೊಟ್ಟಿಗೆಯೂ ಹೊಸ ಚಿತ್ರಶಾಲೆಯೂ

ನಮ್ಮ ಶಾಲೆಯ ಹಿತ್ತಿಲಿನಲ್ಲಿ ಹಂಚು ಹೊದಿಸಿದ ಒಂದು ಹಳೆಯ ಕೊಟ್ಟಿಗೆಯಿದೆ. ಒಂದು ಕಾಲದಲ್ಲಿ ಅಲ್ಲಿ ವಸತಿಗೃಹದ ಹಸುಗಳನ್ನು ಕಟ್ಟುತ್ತಿದ್ದರು. ತರುವಾಯ ಸೌದೆ, ಮುರಿದ ಬೆಂಚು, ಕಾಲಿಲ್ಲದ ಕರಿಹಲಗೆ ಮೊದಲಾದವುಗಳಿಗೆ ಅದೇ ಆಶ್ರಯವಾಯಿತು. ಅದನ್ನು ಕೆಡವಿ ಹೊಸ ಕೊಠಡಿಯೊಂದನ್ನು ಕಟ್ಟಿಸಬೇಕೆಂದು ಕೆಲವರು ಹೇಳುತ್ತಾರೆ. ಅದನ್ನೇ ದುರಸ್ತು ಮಾಡಿ ಚಿತ್ರಕಲೆಗೂ ಕೈಕೆಲಸಕ್ಕೂ ಉಪಯೋಗಿಸಬೇಕೆಂದು ಮತ್ತೆ ಕೆಲವರು ಹೇಳುತ್ತಾರೆ. ದುರಸ್ತು ಮಾಡುವುದಾದರೆ ಯಾವ ಮಾದರಿಯಲ್ಲಿ ಮಾಡಬೇಕು, ಆ ಮಾದರಿಯನ್ನು ಎಲ್ಲಿಂದ ತರಬೇಕು ಎಂಬ ಪ್ರಶ್ನೆಯು ಕೂಡಲೇ ಏಳುತ್ತದೆ. ಈ ಚರ್ಚೆಯು ನಡೆಯುತ್ತಿರುವಾಗ ನಮಗೆ ಅಮೆರಿಕಾ ದೇಶದ ಒಂದು ಕೊಟ್ಟಿಗೆಯ ವೃತ್ತಾಂತವು ನೆನಪಿಗೆ ಬಂದಿತು. ಅದು ನಮ್ಮ ಪ್ರಶ್ನೆಗೆ ಪೂರ್ಣವಾದ ಉತ್ತರವನ್ನು ಕೊಡದಿದ್ದರೂ ಉತ್ತರವನ್ನು ಹುಡುಕುವ ದಾರಿಯನ್ನು ತೋರಿಸುತ್ತದೆಂದು ನಂಬಿ, ಅದನ್ನು ವಾಚಕ ಸೋದರಿಯರ ಮುಂದೆ ಇಡುತ್ತೇವೆ.

ನ್ಯೂಯಾರ್ಕ್ ಪಟ್ಟಣದ ಪೂರ್ವಕ್ಕೆ ಸಮುದ್ರದೊಳಗೆ ಉದ್ದವಾಗಿ ಚಾಚಿಕೊಂಡಿರುವ ಲಾಂಗ್ ಐಲೆಂಡ್ ಎಂಬ ದ್ವೀಪವುಂಟು. ಅದರ ಪೂರ್ವದ ತುದಿಯ ಸಮೀಪದಲ್ಲಿ ಸ್ಪ್ರಿಂಗ್ಸ್ ಎಂಬ ಚಿಕ್ಕ ಊರಿದೆ. ಮೀನು ಹಿಡಿಯುವವರೂ ಬೇಸಾಯಗಾರರೂ ಇದ್ದ ಆ ಊರಿಗೆ ೧೯೪೫ನೆಯ ಇಸವಿ ನವೆಂಬರ್ ತಿಂಗಳಿನಲ್ಲಿ ಹೊಸದಾಗಿ ವಿವಾಹವಾಗಿದ್ದ ಇಬ್ಬರು ಚಿತ್ರಗಾರರು ಬಂದು ನೆಲೆಸಿದರು. ಗಂಡನ ಹೆಸರು ಜ್ಯಾಕ್ಸನ್ ಪಾಲಕ್. ಹೆಂಡತಿಯ ಹೆಸರು ಲೀ ಕ್ರಾಸ್ನರ್. ೧೮೭೯ರಲ್ಲಿ ಕಟ್ಟಿದ ಒಂದು ಮರದ ಮನೆಯನ್ನು ಅವರು ೫,೦೦೦ ಡಾಲರುಗಳಿಗೆ ಕ್ರಯಕ್ಕೆ ಗೊತ್ತು ಮಾಡಿಕೊಂಡರು. ಮುಂಗಡವಾಗಿ ಕೊಡಬೇಕಾಗಿದ್ದ ೨,೦೦೦ ಡಾಲರುಗಳನ್ನು ಪೆಗ್ಗಿ ಗುಗ್ಗೆನ್‌ಹೈಮ್ ಎಂಬ ಚಿತ್ರಸಂಗ್ರಾಹಕಿಯು ಸಾಲವಾಗಿ ಒದಗಿಸಿದಳು. ಮನೆಯೊಳಗೆ ಸ್ನಾನದ ಕೋಣೆಯಾಗಲಿ ಬಿಸಿನೀರಿನ ಅನುಕೂಲವಾಗಲಿ ಇರಲಿಲ್ಲ. ಆದರೆ ಹಿಂದುಗಡೆಯಲ್ಲಿ ಒಂದು ಹಳೆಯ ಮರದ ಕೊಟ್ಟಿಗೆಯಿತ್ತು. ಅದರಾಚೆಗೆ ಅಕಾಬೊನಾಕ್ ಎಂಬ ಹಿನ್ನೀರು ಹುಲ್ಲುಗಾವಲಿನ ನಡುವೆ ಹೊಳೆಯುತ್ತಿತ್ತು.

ಈ ಲೀ ಕ್ರಾಸ್ನರ್ ಎಂಬಾಕೆಯ ಪೂರ್ವಚರಿತ್ರೆಯನ್ನು ಎರಡು ಮಾತುಗಳಲ್ಲಿ ಹೇಳುವುದು ಆವಶ್ಯಕ. ರಷ್ಯಾ ಸಾಮ್ರಾಜ್ಯದಿಂದ ವಲಸೆ ಬಂದ ಬಡ ಯೆಹೂದ್ಯ ಕುಟುಂಬದಲ್ಲಿ ೧೯೦೮ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ಆಕೆ ಹುಟ್ಟಿದಳು. ಚಿತ್ರಗಾರ್ತಿಯಾಗಬೇಕೆಂದು ಬಾಲ್ಯದಲ್ಲಿಯೇ ನಿಶ್ಚಯಿಸಿ, ವಾಷಿಂಗ್ಟನ್ ಇರ್ವಿಂಗ್ ಎಂಬ ಹೆಸರಿನ ಹುಡುಗಿಯರ ಹೈಸ್ಕೂಲನ್ನು ಸೇರಿದಳು. ಯಾಕಂದರೆ ಆ ಪಟ್ಟಣದ ಸರಕಾರೀ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಚಿತ್ರಕಲೆಯನ್ನು ಮುಖ್ಯ ವಿಷಯವಾಗಿ ಕಲಿಸುತ್ತಿದ್ದುದು ಅದೊಂದರಲ್ಲಿಯೇ. ಆಶ್ಚರ್ಯವೇನಂದರೆ, ಅಲ್ಲಿ ಆಕೆಗೆ ಅತಿ ಕಡಿಮೆ ಅಂಕಗಳು ಬಂದುದು ಚಿತ್ರಕಲೆಯಲ್ಲಿಯೇ! ಇತರ ವಿಷಯಗಳಲ್ಲಿ ಚೆನ್ನಾಗಿ ಮಾಡಿದ್ದಾಳೆಂಬ ಕಾರಣದಿಂದ ಉಪಾಧ್ಯಾಯಿನಿಯು ೬೫ ಅಂಕಗಳನ್ನು ಕೊಟ್ಟು ದಾಟಿಸಿದಳಂತೆ. ಮುಂದೆ ಆಕೆ ಕೂಪರ್ ಯೂನಿಯನ್ನಿನ ಸ್ತ್ರೀ ಕಲಾಶಾಲೆಯಲ್ಲಿಯೂ ರಾಷ್ಟ್ರೀಯ ಕಲಾಶಾಲೆಯಲ್ಲಿಯೂ ಕಲಿತಳು. ೧೯೩೭ರಿಂದ ಹಾನ್ಸ್ ಹಾಫ್‌ಮನ್ ಎಂಬ ಪ್ರಸಿದ್ಧ ಗುರುವಿನ ಬಳಿಯಲ್ಲಿ ಅಭ್ಯಾಸ ಮಾಡುತ್ತಿದ್ದಾಗ, ಇದು ಹೆಂಗಸು ಬರೆದ ಚಿತ್ರವೆಂದು ಗೊತ್ತೇ ಆಗದಷ್ಟು ಚೆನ್ನಾಗಿದೆ ಎಂಬ ಅರ್ಥದಲ್ಲಿ ಆ ಗುರುವು ಹೊಗಳಿದ್ದನ್ನು ಆಕೆ ಜೀವಮಾನವೆಲ್ಲ ಮರೆಯಲಿಲ್ಲ. ಅದು ಹೊಗಳಿಕೆಯೋ ಅವಮಾನವೋ ಎಂಬುದನ್ನು ವಾಚಕರೇ ನಿರ್ಣಯಿಸಲಿ. ಸರಕಾರವು ಕಲಾವಿದರಿಗೆ ಕೆಲಸ ಕೊಡುತ್ತಿದ್ದ ಆ ಕಷ್ಟದ ದಿನಗಳಲ್ಲಿ ಆಕೆ ದೊಡ್ಡ ಗೋಡೆಚಿತ್ರಗಳ ಕಾರ್ಯದಲ್ಲಿಯೂ ದುಡಿದಿದ್ದಳು. ಎಂದರೆ ವಿಶಾಲವಾದ ಸ್ಥಳದಲ್ಲಿ ಕೈ ಬೀಸಿ ಬರೆಯುವುದು ಆಕೆಗೆ ಹೊಸದಾಗಿರಲಿಲ್ಲ.

ಈಗ ಕೊಟ್ಟಿಗೆಯ ವಿಷಯಕ್ಕೆ ಬರೋಣ. ಅದು ಮನೆಯ ಹಿಂದೆಯೇ ನಿಂತು ಹಿನ್ನೀರಿನ ನೋಟವನ್ನು ಮರೆಮಾಡುತ್ತಿತ್ತು. ೧೯೪೬ರಲ್ಲಿ ಅವರು ಅದನ್ನು ಕೆಡವಲಿಲ್ಲ; ಇದ್ದ ಹಾಗೆಯೇ ಸರಿಸಿ ಹಿತ್ತಿಲಿನ ಉತ್ತರ ಪಾರ್ಶ್ವದಲ್ಲಿ ನಿಲ್ಲಿಸಿದರು. ನಮ್ಮ ಕಡೆಯ ಕಲ್ಲುಮಣ್ಣಿನ ಕಟ್ಟಡಗಳನ್ನು ಹೀಗೆ ಸರಿಸುವುದು ಅಸಾಧ್ಯ. ಮರದ ಕಟ್ಟಡವಾದುದರಿಂದ ಅಲ್ಲಿ ಇದು ಸಾಧ್ಯವಾಯಿತು. ಅದರಲ್ಲಿ ತುಂಬಿದ್ದ ಹಳೆಯ ಸಾಮಾನುಗಳನ್ನು ತೆಗೆಸಿ, ಉತ್ತರದ ಗೋಡೆಯಲ್ಲಿ ಎತ್ತರವಾಗಿ ಒಂದು ದೊಡ್ಡ ಕಿಟಕಿಯನ್ನು ಇರಿಸಿದರು. ಈ ಒಂದು ಕಿಟಕಿಯಲ್ಲಿ ಎರಡು ಯೋಚನೆಗಳು ಅಡಗಿವೆ. ಕಿಟಕಿಯು ಎತ್ತರದಲ್ಲಿದ್ದುದರಿಂದ ಬೆಳಕು ಮಾತ್ರ ಒಳಗೆ ಬರುತ್ತಿತ್ತು. ಹೊರಗಣ ನೋಟವು ಮನಸ್ಸನ್ನು ಸೆಳೆಯುತ್ತಿರಲಿಲ್ಲ. ಅದು ಉತ್ತರಕ್ಕಿದ್ದುದರಿಂದ ಒಳಗಿನ ಬೆಳಕು ದಿನವೆಲ್ಲ ಹೆಚ್ಚು ಕಡಿಮೆ ಒಂದೇ ಸಮನಾಗಿರುತ್ತಿತ್ತು.

ಈ ಉತ್ತರದ ಬೆಳಕಿನ ಕಾರಣವನ್ನು ಸ್ವಲ್ಪ ವಿವರಿಸಬೇಕು. ಆ ದ್ವೀಪವು ಭೂಮಧ್ಯರೇಖೆಯಿಂದ ಸುಮಾರು ೪೧ ಅಂಶಗಳಷ್ಟು ಉತ್ತರಕ್ಕಿದೆ. ಅಲ್ಲಿ ಮಧ್ಯಾಹ್ನದ ಸೂರ್ಯನು ವರ್ಷದ ಯಾವ ದಿನದಲ್ಲಿಯೂ ನಡುನೆತ್ತಿಗೆ ಬರುವುದಿಲ್ಲ. ಸದಾ ದಕ್ಷಿಣಕ್ಕೆ ವಾಲಿಕೊಂಡೇ ಇರುತ್ತಾನೆ. ಬೇಸಗೆಯಲ್ಲಿ ಮುಂಜಾನೆಯೂ ಸಂಜೆಯೂ ಸ್ವಲ್ಪ ಓರೆ ಬಿಸಿಲು ತಗಲಿದರೂ, ಉಳಿದ ಹೊತ್ತಿನಲ್ಲೆಲ್ಲ ಉತ್ತರದ ಕಿಟಕಿಯಿಂದ ಬರುವುದು ಆಕಾಶದ ತಂಪಾದ ಬೆಳಕೇ ಹೊರತು ಬಿಸಿಲಲ್ಲ. ಆದಕಾರಣ ಬಣ್ಣಗಳು ಗಳಿಗೆಗೊಂದು ಬಗೆಯಾಗಿ ಕಾಣುವುದಿಲ್ಲ, ನೆರಳುಗಳು ಓಡಾಡುವುದಿಲ್ಲ. ಯೂರೋಪಿನ ಮತ್ತು ಅಮೆರಿಕಾದ ಚಿತ್ರಗಾರರು ಉತ್ತರದ ಬೆಳಕನ್ನು ಬಯಸುವುದು ಇದಕ್ಕಾಗಿಯೇ. ಆದರೆ ಇದನ್ನು ಪುಸ್ತಕದಲ್ಲಿ ಓದಿ ನಾವೂ ಹಾಗೆಯೇ ಮಾಡಿದರೆ ಮೋಸಹೋಗುವೆವು. ಮಂಗಳೂರು, ಬೆಂಗಳೂರು ಮೊದಲಾದ ಊರುಗಳು ಸುಮಾರು ೧೩ನೆಯ ಅಂಶದಲ್ಲಿವೆ. ಇಲ್ಲಿ ಏಪ್ರಿಲ್ ತಿಂಗಳ ಕೊನೆಯಿಂದ ಆಗಸ್ಟ್ ತಿಂಗಳ ಮಧ್ಯದ ವರೆಗೂ ಮಧ್ಯಾಹ್ನದ ಸೂರ್ಯನು ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಮೋಡವಿಲ್ಲದ ಮೇ ತಿಂಗಳಿನಲ್ಲಿ, ಮಾಡಿನ ಇಳಿಜಾರು ಮುಂದಕ್ಕೆ ಚಾಚಿರದಿದ್ದರೆ, ಉತ್ತರದ ಕಿಟಕಿಯಲ್ಲಿಯೂ ಬಿಸಿಲು ಬೀಳುತ್ತದೆ. ಒಂದು ಸ್ಥಳಕ್ಕೆ ಒಪ್ಪಿದ ಕಿಟಕಿಯು ಇನ್ನೊಂದು ಸ್ಥಳಕ್ಕೆ ಒಪ್ಪಬೇಕೆಂಬ ನಿಯಮವಿಲ್ಲ. ಕಟ್ಟಡದ ಮಾದರಿಯನ್ನು ಆ ಕಟ್ಟಡವು ನಿಂತಿರುವ ನೆಲವನ್ನೂ ಆಕಾಶವನ್ನೂ ಕೇಳಿಯೇ ತಿಳಿಯಬೇಕೆಂಬುದಕ್ಕೆ ಇದೇ ಮೊದಲನೆಯ ದೃಷ್ಟಾಂತ.

ಎರಡನೆಯ ದೃಷ್ಟಾಂತವು ನೆಲದ್ದು. ಕೊಟ್ಟಿಗೆಯಲ್ಲಿ ಉಪ್ಪರಿಗೆಯ ಕೋಣೆಗಿಂತ ಎಷ್ಟೋ ವಿಶಾಲವಾದ ಹಲಗೆಯ ನೆಲವು ಪಾಲಕನಿಗೆ ದೊರೆಯಿತು. ಅವನು ಕ್ಯಾನ್ವಾಸು ಬಟ್ಟೆಯನ್ನು ನೆಲದ ಮೇಲೆಯೇ ಹಾಸಿ, ನಾಲ್ಕು ಕಡೆಗಳಿಂದಲೂ ಸುತ್ತುತ್ತ, ಕಡ್ಡಿಯಿಂದಲೂ ಗಟ್ಟಿಯಾದ ಕುಂಚದಿಂದಲೂ ತೆಳ್ಳನೆಯ ಬಣ್ಣವನ್ನು ಎಳೆ ಎಳೆಯಾಗಿ ಮೇಲಿನಿಂದ ಸುರಿಸಿ ಚಿತ್ರ ಬರೆಯುವ ಪದ್ಧತಿಯನ್ನು ೧೯೪೭ರಿಂದ ಬೆಳೆಸಿದನು. ೧೯೫೦ರಲ್ಲಿ ಅಲ್ಲಿ ಸಿದ್ಧವಾದ ಒಂದು ಚಿತ್ರದ ಅಗಲವು ೧೭ ಅಡಿಗಳಿಗಿಂತಲೂ ಹೆಚ್ಚು. ಅವನಿಗೆ ಬೇರೆ ಕಾರಣಗಳೂ ಪ್ರೇರಣೆಗಳೂ ಇದ್ದವು, ನಿಜ. ಆದರೆ ಉಪ್ಪರಿಗೆಯ ಮಲಗುವ ಕೋಣೆಯಲ್ಲಿ ಅಂತಹ ಬಟ್ಟೆಯನ್ನು ಹಾಸುವುದು ಹೇಗೆ? ಮನಸ್ಸಿನಲ್ಲಿದ್ದುದನ್ನು ಕೈಗೆ ತಂದುಕೊಟ್ಟುದು ಆ ಕೊಟ್ಟಿಗೆಯ ನೆಲ.

ಇಷ್ಟು ಹೊತ್ತಿಗೆ ನಮ್ಮ ವಾಚಕರು, ಹಾಗಾದರೆ ಹೆಂಡತಿಯು ಎಲ್ಲಿ ಬರೆಯುತ್ತಿದ್ದಳು ಎಂದು ಕೇಳುವರು. ಕೇಳಬೇಕಾದ ಪ್ರಶ್ನೆಯೇ. ಗಂಡನು ಮೊದಲು ಉಪ್ಪರಿಗೆಯ ಒಂದು ಮಲಗುವ ಕೋಣೆಯಲ್ಲಿ ಬರೆಯುತ್ತಿದ್ದನು. ಅವನು ಕೊಟ್ಟಿಗೆಗೆ ಹೋದ ಮೇಲೆ ಬರಿದಾದ ಆ ಕೋಣೆಯು ಆಕೆಯ ಪಾಲಿಗೆ ಬಂದಿತು. ಗೋಡೆಚಿತ್ರಗಳನ್ನು ಬರೆದ ಕೈಯು ಈಗ ಮೇಜಿನಷ್ಟು ಜಾಗದಲ್ಲಿ ಕೆಲಸ ಮಾಡಬೇಕಾಯಿತು. ಆದರೂ ಆಕೆ ಸುಮ್ಮನೆ ಕೂರಲಿಲ್ಲ. ೧೯೪೬ರಿಂದ ೧೯೫೦ರ ವರೆಗೆ ಆಕೆ ಬರೆದ ಚಿತ್ರಗಳಿಗೆ ‘ಚಿಕ್ಕ ಚಿತ್ರಗಳು’ ಎಂಬರ್ಥದ ಹೆಸರೇ ನಿಂತಿದೆ. ಅವುಗಳಲ್ಲಿ ಸಣ್ಣ ಸಣ್ಣ ಗುರುತುಗಳು ಒಂದು ಅಪರಿಚಿತ ಲಿಪಿಯ ಸಾಲುಗಳಂತೆ ಒತ್ತೊತ್ತಾಗಿ ತುಂಬಿಕೊಂಡಿರುತ್ತವೆ. ಬಾಲ್ಯದಲ್ಲಿ ಆಕೆ ಇಬ್ರಿಯ ಅಕ್ಷರಗಳನ್ನು ಕಲಿತಿದ್ದಳು. ಆ ಲಿಪಿಯಂತೆಯೇ ಬಲದಿಂದ ಎಡಕ್ಕೆ ಬರೆಯುವ ರೂಢಿಯು ಈ ಚಿತ್ರಗಳಲ್ಲಿಯೂ ಬಂದಿದೆಯೆಂದು ಆಕೆಯೇ ಹೇಳಿದ್ದುಂಟು. ಕಿರಿದಾದ ಕೋಣೆಯಿಂದ ಆಕೆ ಒಂದು ಕಿರಿದಾದ ಲಿಪಿಯನ್ನು ಹುಟ್ಟಿಸಿಕೊಂಡಳು.

ಚಳಿಗಾಲದಲ್ಲಿ ಆ ಕೋಣೆಯೂ ಕೆಲಸಕ್ಕೆ ಬಾರದಾಯಿತು. ಮೇಲೆ ಕೂರಲಾಗದಷ್ಟು ಚಳಿ. ಆಗ ೧೯೪೭ರಲ್ಲಿ ಆಕೆ ಕೆಳಗೆ ಒಲೆಯ ಬಳಿಯಲ್ಲಿ ಮಾಡಿದ ಕೆಲಸವೊಂದು ನಮ್ಮ ಹುಡುಗಿಯರಿಗೆ ವಿಶೇಷವಾಗಿ ಮೆಚ್ಚಿಗೆಯಾಗಬಹುದು. ಆ ಸ್ಥಳದಲ್ಲಿಯೇ ಬಿದ್ದಿದ್ದ ಹಳೆಯ ಗಾಡಿಯ ಗಾಲಿಗಳ ಕಬ್ಬಿಣದ ಪಟ್ಟಿಗಳು ಆಕೆಯ ಕಣ್ಣಿಗೆ ಬಿದ್ದವು. ಅವುಗಳನ್ನು ಮೇಜಿನ ಅಂಚನ್ನಾಗಿ ಮಾಡಿಕೊಂಡು, ಒಳಗೆ ಬಣ್ಣದ ಗಾಜಿನ ಚೂರು, ಚಿಪ್ಪು, ಬೆಣಚುಕಲ್ಲು, ಬೀಗದ ಕೈ, ನಾಣ್ಯ, ಮುರಿದ ಒಡವೆ ಇವುಗಳನ್ನು ಕಾಂಕ್ರೀಟಿನಲ್ಲಿ ಹುದುಗಿಸಿ ಎರಡು ದುಂಡು ಮೇಜುಗಳನ್ನು ಮಾಡಿದಳು. ಮರುವರ್ಷ ಅವುಗಳಲ್ಲೊಂದು ನ್ಯೂಯಾರ್ಕಿನ ಪ್ರದರ್ಶನದಲ್ಲಿ ಇಡಲ್ಪಟ್ಟು ಜನರ ಮೆಚ್ಚಿಗೆಯನ್ನು ಪಡೆಯಿತು. ಹಳೆಯ ಕೊಟ್ಟಿಗೆಯನ್ನು ಖಾಲಿಮಾಡುವವರು ಮೊದಲು ಮಾಡುವ ಕೆಲಸವು ಕಸವನ್ನು ಹೊರಗೆ ಎಸೆಯುವುದು. ಕಸದಲ್ಲಿ ಏನಿದೆಯೆಂದು ಒಂದು ಸಾರಿ ಕೂತು ನೋಡಿದವರಿಗೆ ಮಾತ್ರ ಗಾಲಿಯ ಪಟ್ಟಿಯು ಮೇಜಾಗಿ ಕಾಣುತ್ತದೆ.

ನಾಲ್ಕನೆಯ ದೃಷ್ಟಾಂತವು ಸೋಲಿನಿಂದ ಹುಟ್ಟಿದ್ದು. ೧೯೫೧ರಲ್ಲಿ ಆಕೆಯ ಚಿತ್ರಪ್ರದರ್ಶನವೊಂದು ನಡೆದು ಒಂದು ಚಿತ್ರವೂ ವಿಕ್ರಯವಾಗಲಿಲ್ಲ. ಆ ಮೇಲೆ ಒಂದು ದಿನ ಆಕೆ ತನ್ನ ಚಿತ್ರಶಾಲೆಯ ಗೋಡೆಗಳಿಗೆ ಚುಚ್ಚಿದ್ದ ಕಪ್ಪು ಬಿಳಿಯ ರೇಖಾಚಿತ್ರಗಳನ್ನು ನೋಡಿ ಬೇಸತ್ತು, ಎಲ್ಲವನ್ನೂ ಹರಿದು ನೆಲಕ್ಕೆ ಚೆಲ್ಲಿ ಬಾಗಿಲನ್ನು ಹಾಕಿಕೊಂಡು ಹೊರಟುಹೋದಳು. ಕೆಲವು ವಾರಗಳ ತರುವಾಯ ಒಳಗೆ ಬಂದಾಗ ನೆಲದ ಮೇಲೆ ಬಿದ್ದಿದ್ದ ಹರಕುಗಳೇ ಆಕೆಗೆ ಹೊಸದಾಗಿ ಕಂಡವು. ಅವುಗಳನ್ನು ಆಯ್ದು ಅಂಟಿಸತೊಡಗಿದಳು. ಮಾರಾಟವಾಗದೆ ಉಳಿದಿದ್ದ ಹಳೆಯ ಚಿತ್ರಗಳೇ ಅವುಗಳಿಗೆ ಹಿನ್ನೆಲೆಯಾದವು. ಈ ಅಂಟುಚಿತ್ರಗಳು ೧೯೫೫ರಲ್ಲಿ ನ್ಯೂಯಾರ್ಕಿನ ಸ್ಟೇಬಲ್ ಗ್ಯಾಲರಿಯಲ್ಲಿ ಪ್ರದರ್ಶಿತವಾದವು. ಸ್ಟೇಬಲ್ ಎಂದರೆ ಲಾಯ. ಬಾಡಿಗೆಯ ಕುದುರೆಗಳನ್ನು ಕಟ್ಟುತ್ತಿದ್ದ ಹಳೆಯ ಲಾಯವನ್ನೇ ೧೯೫೩ರಲ್ಲಿ ಎಲಿನರ್ ವಾರ್ಡ್ ಎಂಬಾಕೆ ಚಿತ್ರಾಲಯವನ್ನಾಗಿ ಮಾಡಿದ್ದಳು. ಮಳೆಯ ದಿನಗಳಲ್ಲಿ ಅಲ್ಲಿ ಇನ್ನೂ ಕುದುರೆಯ ವಾಸನೆ ಬರುತ್ತಿತ್ತಂತೆ. ಆದರೂ ಒಳ್ಳೆಯ ಚಿತ್ರಗಳನ್ನು ನೋಡಲು ಬರುವವರು ಮೂಗು ಮುಚ್ಚಿಕೊಂಡು ಹಿಂತಿರುಗಲಿಲ್ಲ.

ಇತ್ತ ಕೊಟ್ಟಿಗೆಯು ಹಲಗೆಗಳ ಸಂದಿನಿಂದ ಗಾಳಿ ನುಗ್ಗುತ್ತಿದ್ದುದರಿಂದ ಚಳಿಗಾಲಕ್ಕೆ ಯೋಗ್ಯವಾಗಿರಲಿಲ್ಲ. ೧೯೫೩ರಲ್ಲಿ ಅದಕ್ಕೆ ಎರಡನೆಯ ದುರಸ್ತು ನಡೆಯಿತು. ಚಳಿಯು ಒಳಗೆ ಬಾರದಂತೆ ಗೋಡೆಗಳನ್ನು ಭದ್ರಪಡಿಸಿದರು, ವಿದ್ಯುದ್ದೀಪಗಳನ್ನು ಹಾಕಿಸಿದರು, ಬಣ್ಣ ಬಿದ್ದು ಬಿದ್ದು ದಪ್ಪನಾಗಿದ್ದ ಹಳೆಯ ನೆಲದ ಮೇಲೆ, ಮರದ ನಾರನ್ನು ಒತ್ತಿ ಮಾಡಿದ ಚೌಕನೆಯ ಹಲಗೆಗಳನ್ನು ಹಾಸಿದರು. ಆದರೆ ಚಿತ್ರಶಾಲೆಯು ಸಕಲ ಅನುಕೂಲಗಳನ್ನೂ ಪಡೆದ ಹೊತ್ತಿಗೆ ಅದರ ಯಜಮಾನನ ಕೈಯು ಸೋತಿತ್ತು. ಪಾಲಕನು ಬಹುಕಾಲದಿಂದ ಕುಡಿತದ ಚಟಕ್ಕೆ ಸಿಕ್ಕಿದ್ದನು. ಕೊನೆಯ ವರ್ಷಗಳಲ್ಲಿ ಅವನು ಬರೆದುದು ಬಹಳ ಸ್ವಲ್ಪ. ೧೯೫೬ನೆಯ ಆಗಸ್ಟ್ ೧೧ರ ರಾತ್ರಿ ಅವನೇ ನಡೆಸುತ್ತಿದ್ದ ಮೋಟಾರು ಗಾಡಿಯು ಅಪಘಾತಕ್ಕೆ ಈಡಾಗಿ ಅವನು ಮೃತನಾದನು. ಆಗ ಕ್ರಾಸ್ನರ್ ಯೂರೋಪಿನಲ್ಲಿದ್ದಳು. ಸುದ್ದಿ ಕೇಳಿ ಹಿಂತಿರುಗಿ ಬಂದಳು.

ಬರಿದಾದ ಆ ಕೊಟ್ಟಿಗೆಯನ್ನು ಏನು ಮಾಡಬೇಕು? ಬೀಗ ಹಾಕಿ ಗಂಡನ ನೆನಪಿಗೆಂದು ಬಿಡಬಹುದಾಗಿತ್ತು. ಲೋಕವು ಅದನ್ನೇ ಮೆಚ್ಚುತ್ತಿತ್ತೇನೋ. ಆಕೆ ಹಾಗೆ ಮಾಡದೆ, ೧೯೫೭ರಲ್ಲಿ ತನ್ನ ಬಣ್ಣಗಳನ್ನೂ ಕುಂಚಗಳನ್ನೂ ಅಲ್ಲಿಗೆ ಸಾಗಿಸಿದಳು. ಆ ಊರಿಗೆ ಬಂದು ಆಗ ಹನ್ನೊಂದು ವರ್ಷಗಳು ಕಳೆದಿದ್ದವು. ಆಕೆಗೆ ನಾಲ್ವತ್ತೆಂಟು ದಾಟಿತ್ತು. ಗಂಡನು ಬಟ್ಟೆಯನ್ನು ನೆಲದ ಮೇಲೆ ಹಾಸುತ್ತಿದ್ದನು. ಆಕೆ ಗೋಡೆಗೆ ಹೊಡೆದು ನಿಲ್ಲಿಸಿದಳು. ಆ ವರ್ಷವೇ ಆಕೆ ಬರೆದ ‘ಋತುಗಳು’ ಎಂಬರ್ಥದ ಹೆಸರಿನ ಚಿತ್ರವು ಸುಮಾರು ೧೭ ಅಡಿ ಅಗಲವೂ ಏಳೂ ಮುಕ್ಕಾಲು ಅಡಿ ಎತ್ತರವೂ ಉಳ್ಳದ್ದು. ಹಸುರು ಮತ್ತು ಗುಲಾಬಿ ವರ್ಣಗಳ ದೊಡ್ಡ ದೊಡ್ಡ ಕಾಯಿಹೂಗಳಂಥ ಆಕಾರಗಳು ಅದರಲ್ಲಿ ಉಕ್ಕಿ ಬರುವಂತಿವೆ. ಈಗ ಅದು ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯದಲ್ಲಿದೆ. ಶೋಕದ ಕಾಲದಲ್ಲಿ ಇಷ್ಟು ಜೀವಕಳೆಯ ಚಿತ್ರವು ಹೇಗೆ ಹುಟ್ಟಿತೆಂದು ಅನೇಕರು ಆಶ್ಚರ್ಯಪಟ್ಟಿದ್ದಾರೆ. ದುಃಖದ ಲೆಕ್ಕವನ್ನು ಹೊರಗಿನವರು ಹಾಕಲಾರರು. ಆದರೆ ಒಂದು ಸಂಗತಿಯನ್ನು ಯಾರೂ ಅಲ್ಲಗಳೆಯಲಾರರು: ಆಕೆಯ ತೋಳಿಗೆ ಬೇಕಾಗಿದ್ದ ಗೋಡೆಯು ಆಕೆಗೆ ದೊರೆತುದು ಆಗಲೇ.

ಕೊಟ್ಟಿಗೆಯ ಬೆಳಕು ಮತ್ತೊಮ್ಮೆ ಆಕೆಯ ಚಿತ್ರಗಳ ಬಣ್ಣವನ್ನು ನಿರ್ಣಯಿಸಿತು. ೧೯೫೯ರಲ್ಲಿ ಆಕೆಯ ತಾಯಿಯೂ ತೀರಿಕೊಂಡಳು. ರಾತ್ರಿ ನಿದ್ದೆ ಬಾರದೆ ಹೋದುದರಿಂದ ಆಕೆ ದೀಪದ ಬೆಳಕಿನಲ್ಲಿ ಬರೆಯತೊಡಗಿದಳು. ದೀಪದ ಬೆಳಕಿನಲ್ಲಿ ಬಣ್ಣಗಳ ನಿಜಸ್ವರೂಪವು ಕಾಣುವುದಿಲ್ಲವಷ್ಟೆ. ಆದಕಾರಣ ಆಕೆ ಬಣ್ಣಗಳನ್ನು ಬಿಟ್ಟು ಕಂದು ಮತ್ತು ಬಿಳುಪುಗಳಿಂದ ಮಾತ್ರ ೧೯೬೨ರ ವರೆಗೂ ದೊಡ್ಡ ಚಿತ್ರಗಳನ್ನು ಬರೆದಳು. ಅವುಗಳಲ್ಲೊಂದರ ಅಗಲವು ೧೬ ಅಡಿ. ಅವು ಈಗ ಆಕೆಯ ಶ್ರೇಷ್ಠ ಕೃತಿಗಳಲ್ಲಿ ಎಣಿಸಲ್ಪಡುತ್ತವೆ. ಒಂದು ಕೊರತೆಯು ಒಂದು ಶೈಲಿಯಾಯಿತು.

ಆಕೆ ೧೯೮೪ನೆಯ ಜೂನ್ ತಿಂಗಳಲ್ಲಿ ದೈವಾಧೀನಳಾದಳು. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯವು ಆಕೆಯ ಜೀವಮಾನದ ಕೃತಿಗಳ ಪ್ರದರ್ಶನವನ್ನು ತೆರೆಯಿತು. ಅದನ್ನು ಆ ಪಟ್ಟಣದಲ್ಲಿ ಕಾಣುವ ಭಾಗ್ಯವು ಆಕೆಗೆ ಇರಲಿಲ್ಲ. ಆಕೆಯ ಇಚ್ಛೆಯಂತೆ ಮನೆಯೂ ಕೊಟ್ಟಿಗೆಯೂ ಒಂದು ವಿಶ್ವವಿದ್ಯಾನಿಲಯಕ್ಕೆ ಸೇರಿದ ಪ್ರತಿಷ್ಠಾನದ ವಶಕ್ಕೆ ಬಂದು, ೧೯೮೮ರಲ್ಲಿ ಸಾರ್ವಜನಿಕರಿಗೆ ತೆರೆಯಲ್ಪಟ್ಟವು. ಅದಕ್ಕೆ ಮುಂಚೆ ೧೯೫೩ರ ಹಾಸುಹಲಗೆಗಳನ್ನು ಎತ್ತಿ ನೋಡಿದಾಗ, ಪಾಲಕನು ಬಣ್ಣ ಸುರಿಸಿದ ನೆಲವು ಇದ್ದ ಹಾಗೆಯೇ ಅಡಿಯಲ್ಲಿ ಉಳಿದಿತ್ತು. ಹಳೆಯದನ್ನು ಕಿತ್ತುಹಾಕದೆ ಅದರ ಮೇಲೆ ಹಾಸಿದ್ದರಿಂದಲೇ ಅದು ಉಳಿಯಿತೆಂಬುದನ್ನು ಗಮನಿಸಬೇಕು. ಈಗ ಅಲ್ಲಿಗೆ ಹೋದವರು ಮೆತ್ತನೆಯ ಪಾದರಕ್ಷೆಗಳನ್ನು ಹಾಕಿಕೊಂಡು ಆ ನೆಲದ ಮೇಲೆ ನಡೆಯುತ್ತಾರೆ. ಕೆಳಗೆ ನೋಡಿದರೆ ಗಂಡನ ಬಣ್ಣಗಳು; ತಲೆಯೆತ್ತಿ ಗೋಡೆಗಳನ್ನು ನೋಡಿದರೆ, ಬಟ್ಟೆಯ ಅಂಚುಗಳನ್ನು ಮೀರಿ ಸಿಡಿದ ಹೆಂಡತಿಯ ಬಣ್ಣಗಳು. ನೆಲವು ಅವನದು, ಗೋಡೆಯು ಆಕೆಯದು.

ಈ ವೃತ್ತಾಂತದಿಂದ ನಮ್ಮ ಹಿತ್ತಿಲಿನ ಕೊಟ್ಟಿಗೆಗೆ ಏನು ಪ್ರಯೋಜನ? ನಮಗೆ ತೋರಿದ ಮಟ್ಟಿಗೆ ಹೇಳುತ್ತೇವೆ. ಮಾದರಿಯನ್ನು ಪರದೇಶದ ಚಿತ್ರಪುಸ್ತಕದಿಂದ ತರುವುದು ಬೇಡ; ಕೊಟ್ಟಿಗೆಯೊಳಗೇ ಅದು ಇದೆ. ಮೊದಲು ಬೆಳಕನ್ನು ನೋಡೋಣ: ತಿಂಗಳಿಗೊಂದು ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಿಸಿಲು ಬೀಳುವ ಜಾಗವನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿ ಪುಸ್ತಕದಲ್ಲಿ ಬರೆದಿಟ್ಟರೆ, ಒಂದು ವರ್ಷದಲ್ಲಿ ಕಿಟಕಿಯ ಸ್ಥಳವು ತಾನಾಗಿ ಗೊತ್ತಾಗುವುದು. ಮಳೆಗಾಲದಲ್ಲಿ ಯಾವ ಗೋಡೆಯು ಒದ್ದೆಯಾಗುತ್ತದೆಂದು ನೋಡೋಣ. ಕಾಗದಗಳನ್ನು ಆ ಗೋಡೆಯಿಂದ ದೂರವಿಡಬೇಕು. ಒಳಗಿರುವ ಮುರುಕು ಸಾಮಾನುಗಳನ್ನು ಗುಜರಿಗೆ ಹಾಕುವ ಮೊದಲು ಪಟ್ಟಿ ಮಾಡಿ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡೋಣ. ಹಸುಗಳು ನಿಂತು ಸವೆಸಿದ ಕಲ್ಲುಚಪ್ಪಡಿಗಳನ್ನು ಕೀಳದೆ, ಜಾರದಂತೆ ಮಾಡಿ ಉಳಿಸಿಕೊಳ್ಳೋಣ. ಉದ್ದನೆಯ ಗೋಡೆಯೊಂದಕ್ಕೆ ಕಪಾಟನ್ನಾಗಲಿ ಭೂಪಟವನ್ನಾಗಲಿ ಹಾಕದೆ ಬರಿದಾಗಿ ಬಿಡೋಣ.

ಆ ಬರಿಯ ಗೋಡೆಯು ಏತಕ್ಕೆಂದು ಯಾರಾದರೂ ಕೇಳಿಯಾರು. ನಮ್ಮ ಹುಡುಗಿಯರಲ್ಲಿ ಅನೇಕರು ಅಡಿಗೆಮನೆಯ ಮೂಲೆಯಲ್ಲಿಯೋ ತಮ್ಮಂದಿರು ಓದಿ ಎದ್ದ ಮೇಜಿನ ತುದಿಯಲ್ಲಿಯೋ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಚಿತ್ರ ಬರೆಯುವವರು. ಅವರ ಚಿತ್ರಗಳು ಅಂಗೈಯಗಲ ಇರುತ್ತವೆ. ಅವರ ಕಲ್ಪನೆಯೇ ಅಷ್ಟೆಂದು ನಾವು ತಿಳಿಯುತ್ತೇವೆ. ಅವರಿಗೆ ದೊರೆತ ಜಾಗವು ಅಷ್ಟೆಂದು ಯೋಚಿಸುವುದಿಲ್ಲ. ಕ್ರಾಸ್ನರಳು ಹನ್ನೊಂದು ವರ್ಷ ಕಾದಳು. ಅದೂ ಮನೆಯಲ್ಲಿ ಸಾವಾದ ಮೇಲೆ ಆಕೆಗೆ ಸ್ಥಳವು ದೊರೆಯಿತು. ನಮ್ಮ ಮಕ್ಕಳು ಅಷ್ಟು ಕಾಯಬೇಕಾದ ಕಾರಣವಿಲ್ಲ. ವಾರದಲ್ಲಿ ಒಂದು ಗಂಟೆಯಾದರೂ ಅವರು ನಿಂತುಕೊಂಡು, ತೋಳು ಚಾಚಿ, ತಮ್ಮ ಎತ್ತರಕ್ಕಿಂತಲೂ ದೊಡ್ಡದಾಗಿ ಒಂದು ಗೆರೆಯನ್ನು ಎಳೆಯಲಿ.

ಸೌದೆಯನ್ನು ಬೇರೆ ಕಡೆ ಸಾಗಿಸುವ ಕೆಲಸಕ್ಕೆ ಒಂಬತ್ತನೆಯ ತರಗತಿಯವರು ಆಗಲೇ ಒಪ್ಪಿಕೊಂಡಿದ್ದಾರೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಈ ಕೊಟ್ಟಿಗೆಯಲ್ಲಿ ಹಸುಗಳಿದ್ದ ಕಾಲವನ್ನು ಕಂಡವರು ಯಾರಾದರೂ ಇದ್ದರೆ, ಅದರ ಬಾಗಿಲುಗಳು ಮೊದಲು ಯಾವ ಕಡೆಗಿದ್ದವು, ಮುಚ್ಚಿದ ಕಿಟಕಿಗಳೇನಾದರೂ ಇವೆಯೇ ಎಂಬುದನ್ನು ದಯವಿಟ್ಟು ಬರೆದು ತಿಳಿಸಬೇಕೆಂದು ಪ್ರಾರ್ಥಿಸುತ್ತೇವೆ.